ಬಾವಲಿಗೂ ಟಚಿಂಗ್

ಮೌಲಾಹುಸೇನನ ಹೆಂಡತಿ ವಾಹಿದಾ ಒಂದು ಫೋಟೋದ ಸಲುವಾಗಿ ಮನೆ ಬಿಟ್ಟು ಹೋದಳು. ಬೇರೆ ಏನಾದರೂ ಇರಲೇಬೇಕು ಎಂದು ಓಣಿಯವರು ಸಾಕಷ್ಟು ತಲೆ ಕೆಡಿಸಿಕೊಂಡರು. ಏನೂ ಸಿಗಲಿಲ್ಲ. ಇದ್ದದ್ದು ಫೋಟೋ ಒಂದೇ, ಅದೂ ಬಹಳ ಚೆನ್ನಾಗಿ ಬಂದಿತ್ತು.

ಅದು ಎಪ್ಪತ್ತನಾಲ್ಕನೆಯ ಇಸವಿ. ರಾಯಚೂರಿನಲ್ಲಿ ಸ್ಟುಡಿಯೋಗಳಿಗೆ ಬರವಿರಲಿಲ್ಲ, ಆದರೆ ಟಚಿಂಗ್ ಎಂದರೆ ಮೌಲಾಹುಸೇನನೇ. ನೆಗೆಟಿವ್ ಅನ್ನು ಬೆಳಕಿಗೆ ಹಿಡಿದು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಚುಕ್ಕಿ ಇಡುತ್ತ ಹೋದನೆಂದರೆ ಮೊಡವೆ, ಸುಕ್ಕು, ಸಿಡುಬಿನ ಕಲೆ, ಕೆಲವೊಮ್ಮೆ ವಯಸ್ಸು ಕೂಡ ಮಾಯವಾಗುತ್ತಿತ್ತು. ಅವನು ತೆಗೆದ ಫೋಟೋ ನೋಡಿ ಒಪ್ಪಿದ ದೇವದುರ್ಗದ ಬೀಗರು ಹೆಣ್ಣಿನ ಮನೆಗೆ ಬಂದು, ಹುಡುಗಿ ಕೈಯಾರೆ ತಂದಿಟ್ಟ ಚಹಾ ಕುಡಿದು, “ಇನ್ನ ಹುಡುಗೀನ ಕರೀರಿ” ಅಂದಿದ್ದರಂತೆ. ಮೌಲಾಹುಸೇನ ಇದನ್ನು ತನ್ನ ಕೈಚಳಕಕ್ಕೆ ಸಿಕ್ಕ ಸರ್ಟಿಫಿಕೇಟ್ ಎಂದೇ ತಿಳಿದು ಬಂದವರಿಗೆಲ್ಲ ಹೇಳುತ್ತಿದ್ದ.

ವಾಹಿದಾಳಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದಿತ್ತು. ಅವಳು ಬದುಕಿದಳು, ಮುಖದ ಮೇಲೆ ಕಲೆ ಉಳಿದವು. ಅದನ್ನೊಂದು ದೊಡ್ಡ ವಿಷಯ ಎಂದು ಅವಳು ಯಾವತ್ತೂ ತಿಳಿದಿರಲಿಲ್ಲ. ಹೀಗಿರುವಾಗ ಒಂದು ದಿನ ಮೌಲಾಹುಸೇನನಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿ ಬಂತು. ಅವಳನ್ನು ಕೂರಿಸಿ ಫೋಟೋ ತೆಗೆದ. ಒಂದು ವಾರ ಬೇರೆ ಕೆಲಸ ಬದಿಗಿಟ್ಟು ಟಚಿಂಗ್ ಮಾಡಿದ. ಕಟ್ಟು ಹಾಕಿಸಿ ಒಳಮನೆಯ ಗೋಡೆಗೆ ತೂಗುಹಾಕಿ ಅವಳನ್ನು ಕರೆದ.

“ಇದು ನಾನಲ್ಲ,” ಅಂದಳು ವಾಹಿದಾ.

“ನೀನ. ಚಂದ ಮಾಡೀನಿ.”

“ಇಕಿ ಯಾರೋ ಬ್ಯಾರೇದಾಕಿ. ಇಕಿ ಜೋಡೀನ ಸಂಸಾರ ಮಾಡ್ರಿ.”

ಆ ಮನೆಯಲ್ಲಿ ದಿನದ ಮಾತುಕತೆ ದಖ್ಖನಿಯಲ್ಲಿ. ಜಗಳ ಮಾತ್ರ ಕನ್ನಡದಲ್ಲಿ, ನ್ಯಾಯ ಯಾರ ಕಡೆಗಿದೆ ಎಂದು ನೆರೆಯವರಿಗೂ ತಿಳಿಯಲಿ ಎಂದು. ಆ ದಿನ ನೆರೆಯವರು ಕಿವಿಗೊಡುವಷ್ಟರಲ್ಲಿ ಜಗಳ ಮುಗಿದೇ ಹೋಗಿತ್ತು. ವಾಹಿದಾ ಬುರ್ಖಾ ಹಾಕಿಕೊಂಡು ತವರಿನ ಬಸ್ಸು ಹತ್ತಿದಳು. ತವರು ಎಂದರೆ ಮಾನ್ವಿ ತಾಲೂಕಿನ ಪೋತ್ನಾಳ.

ಮೌಲಾಹುಸೇನ ಮೊದಲು ಸಿಟ್ಟಾದ, ಆಮೇಲೆ ಸಪ್ಪಗಾದ. ಕರೆಯಲು ಎರಡು ಸಲ ಹೋದ. ಅವಳು ಒಳಗಿನಿಂದಲೇ ಬರುವುದಿಲ್ಲ ಎಂದು ಹೇಳಿಸಿದಳು. ಮನೆ ಬಣಗುಡುತ್ತಿತ್ತು, ಊಟ ರುಚಿಸುತ್ತಿರಲಿಲ್ಲ. ಹೇಗಾದರೂ ಅವಳು ವಾಪಸು ಬಂದರೆ ಸಾಕು, ಅವನಿಗೆ ಇನ್ನೇನೂ ಬೇಕಿರಲಿಲ್ಲ. ಯಾಕೆ ಹೋದಳು ಎಂಬುದು ಮಾತ್ರ ಇನ್ನೂ ತಲೆಗೆ ಹತ್ತಿರಲಿಲ್ಲ.

ಬೇಸಿಗೆ ಹೊತ್ತಿಗೆ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಲೆಕ್ಚರರು ವೆಂಕೋಬ ಸ್ಟುಡಿಯೋಕ್ಕೆ ಬಂದರು. ಅವರಿಗೆ ಬಾವಲಿಗಳ ಹುಚ್ಚು.

“ಮೌಲಾಸಾಬ್ರ, ಪೋತ್ನಾಳದಾಗ ಒಂದು ಹುಣಸಿಗಿಡದ ತುಂಬ ಬಾವಲಿ ಅದಾವ. ಅದರಾಗ ಒಂದು ಮುದಿ ಹೆಣ್ಣು ಅದ, ಭಾಳ ವರ್ಷದಿಂದ ನೋಡಾಕತ್ತೀನಿ. ಈ ಸಲಾನೂ ಮರಿ ಹಾಕ್ಯದ. ನಂಗ ಅದರ ಫೋಟೋ ಬೇಕು. ಕೆಳಗಿಂದ ಕಾಣಂಗಿಲ್ಲ, ಬಾಜೂ ಮನಿ ಮಾಳಗಿ ಹತ್ತಿದ್ರ ಸಮ ಸಿಗತದ. ಆ ಮನಿಯವ್ರು ನಿಮಗೇನಾರ ಗೊತ್ತದಾರೇನು?”

ಆ ಮಾಳಿಗೆ ಮೌಲಾಹುಸೇನನ ಮಾವನದು.

“ಸ್ವಲ್ಪ ಗೊತ್ತದಾರ,” ಅಂದ.

ಶುಕ್ರವಾರ ನಮಾಜು ಮುಗಿಸಿ, ಕಪ್ಪು ಬಟ್ಟೆಯ ದೊಡ್ಡ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಎಲ್ಲವನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡು ಪೋತ್ನಾಳಕ್ಕೆ ಬಂದ. ಅತ್ತೆ ಖತೀಜಾ ಬೀ ಬಾಗಿಲು ತೆರೆದಳು.

“ಮತ್ತ ಕರಿಯಾಕ ಬಂದ್ರೇನು?”

“ಇಲ್ಲಮ್ಮಾ. ಬಾವಲಿ ಫೋಟೋ ತಗಿಯಾಕ.”

ಖತೀಜಾ ಬೀ ಅಳಿಯನ ಮುಖವನ್ನು ಎರಡು ಸಲ ನೋಡಿದಳು. ಹೆಂಡತಿ ಬಿಟ್ಟು ಹೋದ ಗಂಡಸರಿಗೆ ಹೀಗೂ ಆಗುತ್ತದೇನೋ ಎಂದು ಪಾಪ ಅನಿಸಿ ಏಣಿ ತೋರಿಸಿದಳು.

ಮಾಳಿಗೆಯ ಮೇಲೆ ಸ್ಟ್ಯಾಂಡು ನಿಲ್ಲಿಸಿ ಅವನು ಬಟ್ಟೆಯೊಳಗೆ ತಲೆ ಹಾಕಿದ. ಆ ಕ್ಯಾಮೆರಾದ ಗಾಜಿನಲ್ಲಿ ಲೋಕವೆಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಬಾವಲಿಗಳು ಮಾತ್ರ ಶಾಲು ಹೊದ್ದ ಬೀಗರ ಹಾಗೆ ನೆಟ್ಟಗೆ ನಿಂತಿದ್ದವು. ಇಪ್ಪತ್ತು ವರ್ಷದ ಅಭ್ಯಾಸ, ಬಾಯಿ ಸುಮ್ಮನಿರಲಿಲ್ಲ.

“ಅಲುಗಾಡಬ್ಯಾಡ್ರಿ. ಗದ್ದ ಸ್ವಲ್ಪ ಮ್ಯಾಲ.”

ಕೆಳಗೆ ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದು ವಾಹಿದಾಳ ನಗು. ಎಷ್ಟೋ ದಿನದ ಮೇಲೆ ಅದನ್ನು ಕೇಳಿ ಮೌಲಾಹುಸೇನನ ಕಣ್ಣು ತುಂಬಿತು. ಬಟ್ಟೆಯೊಳಗೆ ಇದ್ದದ್ದರಿಂದ ಮರ್ಯಾದೆ ಉಳಿಯಿತು.

ಆ ದಿನದ ಫೋಟೋಗಳೆಲ್ಲ ಅಲುಗಾಡಿ ಕೆಟ್ಟವು. ಮುಂದಿನ ಶುಕ್ರವಾರದವೂ ಕೆಟ್ಟವು. ಬಾವಲಿ ಯಾರ ಮಾತನ್ನೂ ಕೇಳುವ ಜಾತಿಯಲ್ಲ. ಬಿಸಿಲು ಏರಿದರೆ ರೆಕ್ಕೆಯಿಂದ ಗಾಳಿ ಬೀಸಿಕೊಳ್ಳುತ್ತದೆ. ಪಕ್ಕದ್ದು ಒಂದು ಗೇಣು ಸರಿದು ಬಂದರೆ ಜಗಳ ತೆಗೆಯುತ್ತದೆ, ಜಗಳವಾಡಿ ಅಲ್ಲೇ ನಿದ್ದೆ ಹೋಗುತ್ತದೆ. ಉಚ್ಚೆ ಹೊಯ್ಯುವಾಗ ಮಾತ್ರ ತಲೆ ಮೇಲೆ ಮಾಡುತ್ತದೆ, ಮೈಗೆ ಸಿಡಿಯಬಾರದು ಎಂದು. ಇಷ್ಟು ಎಚ್ಚರ ಮನುಷ್ಯರಿಗೂ ಇರುವುದಿಲ್ಲ. ಇದೆಲ್ಲ ಅವನಿಗೆ ತಿಳಿದದ್ದು ಹುಕುಂ ಮಾಡುವುದನ್ನು ಬಿಟ್ಟು ಸುಮ್ಮನೆ ಕೂತ ಮೇಲೆ. ಮುದಿ ಹೆಣ್ಣು ಒಂದು ರೆಕ್ಕೆಯಲ್ಲಿ ಮರಿಯನ್ನು ಸುತ್ತಿಕೊಂಡು, ಇನ್ನೊಂದನ್ನು ಹಾಗೇ ಬಿಚ್ಚಿ, ಅವನ ಕಡೆಗೇ ನೋಡುತ್ತ ನಿಂತ ಒಂದು ಗಳಿಗೆ ಕೊನೆಗೂ ಸಿಕ್ಕಿತು.

ಪ್ರಿಂಟು ಹಾಕಿದರೆ ಮರಿಯ ಕಣ್ಣಿನ ಹೊಳಪು ಕೂಡ ಬಂದಿತ್ತು. ಆದರೆ ತಾಯಿಯ ಎಡ ರೆಕ್ಕೆ ಅಂಚಿನಲ್ಲಿ ಹರಿದಿತ್ತು, ಹರಕಿನಲ್ಲಿ ಆಕಾಶ ಕಾಣುತ್ತಿತ್ತು. ಮೌಲಾಹುಸೇನನ ಕೈ ತಾನಾಗಿಯೇ ಬ್ರಷ್ ಎತ್ತಿಕೊಂಡಿತು. ಕಪ್ಪು ತುಂಬಿ, ರೆಕ್ಕೆಯನ್ನು ಹೊಸ ಛತ್ರಿಯಷ್ಟು ಚೊಕ್ಕ ಮಾಡಿ, ಲೆಕ್ಚರರ ಮುಂದಿಟ್ಟ.

“ಇದು ಅದಲ್ಲ,” ಅಂದರು ವೆಂಕೋಬ.

“ಅದ ರೀ ಸಾಹೇಬ್ರ. ರೆಕ್ಕಿ ಸ್ವಲ್ಪ ಹರದಿತ್ತು, ತೀಡೀನಿ.”

“ಯಪ್ಪಾ, ಆ ಹರಕ ಅದರ ಗುರುತು! ಆ ರೆಕ್ಕೀಲೆ ಹಾರಾಡಿ ಇಷ್ಟು ಮರಿ ಸಾಕ್ಯದ. ಅದನ್ನ ತಗದ್ರ ಇದು ಯಾವ್ದೋ ಬಾವಲಿ.”

ಮೌಲಾಹುಸೇನ ತೀಡಿದ ಪ್ರಿಂಟನ್ನು ವಾಪಸು ಎತ್ತಿಕೊಂಡ. ಆಮೇಲೆ ಒಳಗೆ ಹೋಗಿ ಅದೇ ನೆಗೆಟಿವ್‌ನಿಂದ ಏನೂ ಮುಟ್ಟದೆ ಎರಡು ಪ್ರಿಂಟು ಹಾಕಿದ. ಒಂದನ್ನು ಲೆಕ್ಚರರಿಗೆ ಕೊಟ್ಟ. ಇನ್ನೊಂದನ್ನು ಹಿಡಿದುಕೊಂಡು ಪೋತ್ನಾಳಕ್ಕೆ ಹೊರಟ. ಹೆಂಡತಿಗೆ ಹೇಳುವ ಮಾತು ಕೊನೆಗೂ ಸಿಕ್ಕಿತು ಎಂದು ದಾರಿಯುದ್ದಕ್ಕೂ ಹುರುಪಿನಲ್ಲಿದ್ದ.

ಬಾವಲಿ ಫೋಟೋ ಎಂದ ಕೂಡಲೇ ವಾಹಿದಾ ಅಂಗಳಕ್ಕೆ ಬಂದಳು. ಆ ಮರದ ಕೆಳಗೇ ಆಡಿ ಬೆಳೆದವಳು. ಫೋಟೋ ಇಸಿದುಕೊಂಡು ನೋಡಿದಳು.

“ರೆಕ್ಕಿ ಹರದದಲ್ಲ. ತೀಡಲಿಲ್ಲೇನು?”

“ತೀಡಿದ್ದೆ. ಇದು ಅದಲ್ಲ ಅಂದ್ರು ಲೆಕ್ಚರರು. ಅವಾಗ ತಿಳೀತು, ಹೊಳ್ಳಿ ಹೆಂಗಿತ್ತೋ ಹಂಗ ಹಾಕಿದೆ.”

ಅವಳು ಸಂತೋಷಪಡುತ್ತಾಳೆ ಎಂದು ಅವನು ಕಾದ.

“ಬಾವಲಿ ಪರವಾಗಿ ಲೆಕ್ಚರರು ಒಂದು ಮಾತಂದ್ರ ತಿಳೀತು,” ಅಂದಳು ವಾಹಿದಾ. “ನನ್ನ ಮಾತು ನಾನ ಅಂದಿದ್ದೆ.”

ಮೌಲಾಹುಸೇನನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ತಪ್ಪಾತು,” ಅಂದ. ಆ ಮಾತು ಸಾಲದು ಎಂದು ಅವನಿಗೇ ಗೊತ್ತಿತ್ತು.

ವಾಹಿದಾ ಸೆರಗು ಎಳೆದು ಕಣ್ಣಿನ ಕೆಳಗೆ ಮುಖ ಪೂರ್ತಿ ಮುಚ್ಚಿಕೊಂಡಳು.

“ಬಾವಲಿದು ಯಾವ ರೆಕ್ಕಿ ಹರದದ?”

“ಎಡಗಡೀದು.”

“ನನ್ನ ಯಾವ ಕೆನ್ನಿಗೆ ಕಲಿ ಜಾಸ್ತಿ?”

ಒಂದು ವಾರ ಆ ಕಲೆಗಳ ಮೇಲೆ ಒಂದೊಂದಾಗಿ ಪೆನ್ಸಿಲ್ ಇಟ್ಟವನು ನೆನಪಿನಲ್ಲಿ ಹುಡುಕಿದ. ಎಲ್ಲಿ ನೋಡಿದರೂ ಗೋಡೆಯ ಮೇಲಿನ ನುಣುಪು ಕೆನ್ನೆಯೇ ಬರುತ್ತಿತ್ತು. ಎಡ ಎಂದೋ ಬಲ ಎಂದೋ ಅಂದುಬಿಡಬಹುದಿತ್ತು, ಸರಿಯಾಗುವ ಸಂಭವ ಅರ್ಧದಷ್ಟು ಇತ್ತು.

“ಗೊತ್ತಿಲ್ಲ,” ಅಂದ.

 ವಾಹಿದಾ ಸೆರಗು ಸರಿಸಿ, ಬೆಳಕಿಗೆ ಮುಖ ಮಾಡಿ ಕಟ್ಟೆಯ ಮೇಲೆ ಕೂತಳು.

“ಇಲ್ಲಿ ಕುಂದರ್ರಿ. ಎರಡೂ ಕೆನ್ನಿ ಸರಿಯಾಗಿ ನೋಡ್ಕೋರಿ. ನೋಡೋದು ಮುಗದ ಮ್ಯಾಲ ಇಬ್ರೂ ಊರಿಗೆ ಹೋಗೋಣು.”

ಅವನು ಕೂತ. ರಾಯಚೂರು ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಅವನು ಇನ್ನೂ ಎರಡನೆಯ ಕೆನ್ನೆಗೆ ಬಂದಿರಲಿಲ್ಲ.