ಇಬ್ಬರ ಮಾತು ಕೇಳಿದ ಮಲ್ಲಿಗೆ

ಮಿಜಾರಿನ ಸನತ್‌ಕುಮಾರರಿಗೆ ಅಂಗಳದ ಮಲ್ಲಿಗೆ ಗಿಡದ ಮೇಲೆ ವಿಪರೀತ ಸಿಟ್ಟು. ಎರಡು ತಿಂಗಳಿಂದ ಹಾರ್ಮೋನ್ ಮದ್ದು ಸಿಂಪಡಿಸಿದರೂ ಅದು ಒಂದು ಇಂಚು ಮೇಲೆದ್ದಿರಲಿಲ್ಲ. ಮದ್ದು ಕೊಟ್ಟವನನ್ನು ವಿಚಾರಿಸಿಕೊಂಡೇ ಬರುವುದೆಂದು ಅವರು ಅಂಗಿ ಹಾಕುತ್ತಿದ್ದಾಗ, ಸಸ್ಯಶಾಸ್ತ್ರ ಓದುವ ಮಗಳು ಬ್ರಾಹ್ಮಿ ಅಡುಗೆಮನೆಯಿಂದ ಇನ್ನೊಂದು ಬಾಟಲಿ ತಂದಿಟ್ಟಳು. ಗಿಡ ಕುಳ್ಳಗಿದ್ದರೆ ಹೂ ಕೊಯ್ಯಲು ಸುಲಭವೆಂದು ಹೆಂಡತಿ ರಾಜಮತಿ ಗುಟ್ಟಾಗಿ ಸಿಂಪಡಿಸುತ್ತಿದ್ದ ಮದ್ದು ಅದು.

“ಎರಡೂ ಹಾರ್ಮೋನ್ ಮದ್ದೇ ಅಪ್ಪ. ನಿಮ್ಮದು ಏಳು ಅಂತ ಹೇಳ್ತದೆ, ಅಮ್ಮಂದು ಕೂತ್ಕೋ ಅಂತ ಹೇಳ್ತದೆ. ಗಿಡ ಇಬ್ಬರ ಮಾತೂ ಕೇಳಿದೆ, ಅದಕ್ಕೇ ಹೀಗುಂಟು.”

ಸನತ್‌ಕುಮಾರರು ಮೆಲ್ಲನೆ ಮಗ ಅಂಕಿತ ಮಲಗಿದ್ದ ಚಾವಡಿಯತ್ತ ತಿರುಗಿದರು. ತೋಟ ನೋಡಿಕೋ ಎಂದು ತಾವು, ವಕೀಲಿಕೆ ಓದು ಎಂದು ರಾಜಮತಿ, ನಾಲ್ಕು ವರ್ಷದಿಂದ ಅವನ ಬೆನ್ನು ಹತ್ತಿದ್ದರು.

ಅವನು ಮಲಗಿದಲ್ಲಿಂದಲೇ, “ಅಮ್ಮ, ಚಹಾ ಆಯ್ತಾ?” ಎಂದ.