ಟೀಚರ ಎಡಗಿವಿಯ ಹಿಂದೆ

ನಾನು ಒಂದು ಶ್ರವಣ ಸಾಧನ. ಗೋಡಂಬಿಯ ಆಕಾರ, ಬೂದು ಬಣ್ಣ, ಕಿವಿಯ ಹಿಂದೆ ವಾಸ. ದೂಳು ಸುಳಿಯದ ಕಾರ್ಖಾನೆಯೊಂದರಲ್ಲಿ, ಭೂತಗನ್ನಡಿಯ ಕೆಳಗೆ ನನ್ನನ್ನು ಜೋಡಿಸಿದರು. ನನ್ನ ಬೆನ್ನ ಮೇಲೆ ಎರಡು ಸಣ್ಣ ತೂತುಗಳಿವೆ. ಒಂದೊಂದರ ಒಳಗೂ ಒಂದು ಮೈಕು. ಎರಡೂ ಕೇಳಿದ್ದನ್ನು ಹೋಲಿಸಿ, ಎದುರಿಗಿರುವವರ ಮಾತನ್ನು ಉಳಿಸಿಕೊಂಡು ಹಿಂದಿನ ಗದ್ದಲವನ್ನು ತಗ್ಗಿಸುವುದು ನನ್ನ ಕಸುಬು.

ನನ್ನ ಮೊದಲ ಒಡೆಯರು ಹುಬ್ಬಳ್ಳಿಯ ವಾಮನರಾವ್ ಕಟ್ಟಿ, ಬ್ಯಾಂಕಿನಿಂದ ನಿವೃತ್ತರಾದವರು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತು ರೇಡಿಯೊ ಕೇಳುವುದೇ ಅವರ ದಿನಚರಿ. ಕಿವಿ ಇನ್ನಷ್ಟು ಮಂದವಾದಾಗ ಅವರು ನನಗಿಂತ ಬಲವಾದ ಸಾಧನ ಕೊಂಡು, ನನ್ನನ್ನು ಶ್ರವಣತಜ್ಞೆ ರುಬೀನಾ ನದಾಫ್ ಅವರ ಕೈಗೆ ಕೊಟ್ಟರು. "ಯಾರಿಗಾದ್ರೂ ಉಪಯೋಗ ಆಗ್ಲಿ ತಂಗಿ," ಎಂದರು.

ಹೀಗೆ ನಾನು ನೀಲಗಂಗಾ ಬಡಿಗೇರ ಅವರ ಎಡಗಿವಿಗೆ ಬಂದೆ. ಆಕೆ ಗದಗಿನ ಕಡೆಯ ಹೈಸ್ಕೂಲೊಂದರ ದೈಹಿಕ ಶಿಕ್ಷಕಿ, ಕಬಡ್ಡಿಯ ಅಂಪೈರ್. ಬಲಗಿವಿ ಚಿಕ್ಕಂದಿನಲ್ಲೇ ಹೋಗಿತ್ತು. ಎಡಗಿವಿಯೂ ಈಗ ಸೋಲುತ್ತಿತ್ತು. ಕಬಡ್ಡಿಯಲ್ಲಿ ಅಂಪೈರ್‌ಗೆ ಕಣ್ಣೊಂದೇ ಸಾಲದು. ದಾಳಿಗೆ ಹೋದವಳು 'ಕಬಡ್ಡಿ ಕಬಡ್ಡಿ' ಎನ್ನುವುದನ್ನು ನಡುವೆ ನಿಲ್ಲಿಸಿ ಉಸಿರು ತೆಗೆದುಕೊಂಡರೆ ಅವಳು ಔಟ್. ಅದು ಕೇಳಿಸದವರು ಸೀಟಿ ಹಿಡಿಯುವಂತಿಲ್ಲ.

ತರಗತಿಯಲ್ಲಿ ನಾನು ಚೆನ್ನಾಗಿಯೇ ಕೆಲಸ ಮಾಡಿದೆ. ಮೈದಾನದಲ್ಲಿ ಮಾತ್ರ ಸೋತೆ. ಆ ಶಾಲೆಯ ಹಿಂದಿನ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರಗಳಿವೆ; ಅವುಗಳಿಗೆ ಬೇಕಾದ ಗಾಳಿಯೆಲ್ಲ ಮೈದಾನ ದಾಟಿಯೇ ಹೋಗುತ್ತದೆ. ಆ ಗಾಳಿ ಬೀಸಿದರೆ ಟೀಚರ ಕಿವಿಯಲ್ಲಿ ಬಂಡಿ ಉರುಳಿದ ಸದ್ದು. ಆಕೆ ನನ್ನ ದನಿ ಏರಿಸುವರು. ಬಂಡಿಯ ಸದ್ದೂ ಏರುವುದು.

ಒಂದು ದಿನ ಆಕೆ ಉಣ್ಣೆಯ ಕುಲಾವಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಬಂದರು. ಗದ್ದಲ ತಗ್ಗಿತು. ಆದರೆ ಕಿವಿಯಿಂದ ಸೋರಿದ ನನ್ನದೇ ಸದ್ದು ದಪ್ಪ ಉಣ್ಣೆಗೆ ಬಡಿದು ಮತ್ತೆ ನನ್ನ ಮೈಕಿಗೆ ಬಂತು. ನಾನು 'ಕುಂಯ್' ಎಂದು ಕೂಗಿಕೊಂಡೆ. ಗೆರೆಯ ಪಕ್ಕದಲ್ಲೇ ದಾಳಿ ನಡೆಸುತ್ತಿದ್ದ ದ್ಯಾಮವ್ವ ಎಂಬ ಹತ್ತನೇ ತರಗತಿಯ ಹುಡುಗಿ ಗಕ್ಕನೆ ನಿಂತಳು. ಎದುರಾಳಿಗಳು ಅವಳನ್ನು ಕೆಡವಿದರು.

"ಸೀಟಿ ಊದಿದ್ರಲ್ರೀ ಟೀಚರ್! ಅದಕ್ಕ ನಿಂತೆ!"

"ನಾ ಎಲ್ಲಿ ಊದೀನವಾ? ಸೀಟಿ ನನ್ನ ಕೈಯಾಗ ಐತಿ!"

"ಹಂಗಾರ ನಿಮ್ಮ ಟೋಪಿ ಊದೈತಿ ಬಿಡ್ರಿ," ಎಂದಳು, ಮಣ್ಣು ಕೊಡವುತ್ತ. ಮೈದಾನವೆಲ್ಲ ನಕ್ಕಿತು. ಟೀಚರೂ ನಕ್ಕರು, ಆಟ ಮತ್ತೆ ಆಡಿಸಿದರು. ಹೆಡ್‌ಮಾಸ್ಟರ್ ಗೂಳಪ್ಪ ಅಂಗಡಿಯವರು ನಗಲಿಲ್ಲ.

"ತಾಲ್ಲೂಕು ಕ್ರೀಡಾಕೂಟ ಬಂತ್ರಿ ಮೇಡಂ, ನಮ್ಮ ಮೈದಾನದಾಗ ಐತಿ. ಈ ಸಲ ನೀವು ಪಾಯಿಂಟ್ ಬರಿಯೋ ಟೇಬಲ್ಲಿಗೆ ಕೂಡ್ರಿ. ನೆರಳೂ ಐತಿ."

"ನೆರಳು ನೀವ ಇಟ್ಕೋರಿ ಸರ. ಒಂದ್ ವಾರ ಟೈಮ್ ಕೊಡ್ರಿ."

ಮರುದಿನವೇ ನಾವು ಹುಬ್ಬಳ್ಳಿ ಬಸ್ಸು ಹತ್ತಿದೆವು. ರುಬೀನಾ ನನ್ನನ್ನು ದೀಪದ ಕೆಳಗೆ ಹಿಡಿದು ನೋಡಿದರು.

"ನೀವು ಕೇಳೋ ಗದ್ದಲ ಹೊರಗ ಇಲ್ಲೇ ಇಲ್ರಿ ಟೀಚರ್. ಗಾಳಿ ಕಿವಿಗೆ, ಈ ತೂತಿಗೆ ಬಡಿದು ಸುಳಿ ಸುತ್ತತೈತಿ. ಸುಳಿ ಮೈಕನ್ನ ಒತ್ತತೈತಿ. ಅದನ್ನ ಇದು ಸದ್ದು ಅಂತ ತಿಳ್ಕೊಂತೈತಿ."

"ಹಂಗಾರ ಇದು ದಡ್ಡ ಐತೇನು?"

"ದಡ್ಡ ಅಲ್ರಿ, ಅತಿ ಜಾಣ. ಎರಡು ಮೈಕು ಹೋಲಿಸಿ ನೋಡ್ತೈತಿ. ಮಾತು ಎರಡಕ್ಕೂ ಒಂದ ನಮೂನಿ ಬರತೈತಿ. ಸುಳಿ ಒಂದೊಂದಕ್ಕ ಒಂದೊಂದು ನಮೂನಿ. ಹೋಲಿಸಾಕ ಹೋಗಿ ಗದ್ದಲ ಹೆಚ್ಚು ಮಾಡ್ಕೊಂತೈತಿ."

ರುಬೀನಾ ನನ್ನ ತೂತುಗಳ ಮೇಲಿನ ಕೊಳೆತುಂಬಿದ ಜಾಲರಿ ಬದಲಿಸಿದರು. ನನ್ನೊಳಗೆ ಮೈದಾನಕ್ಕೆಂದೇ ಒಂದು ಹೊಸ ಕ್ರಮ ಕೂರಿಸಿದರು: ಗುಂಡಿ ಒತ್ತಿದರೆ ಒಂದೇ ಮೈಕು ಕೇಳಬೇಕು, ತಗ್ಗಿನ ಸ್ವರಗಳನ್ನು ಇಳಿಸಬೇಕು. ಗಾಳಿಯ ಗುಡುಗು ಬಹುಪಾಲು ತಗ್ಗಿನ ಸ್ವರದ್ದು. "ಉಣ್ಣಿ ಬ್ಯಾಡ್ರಿ, ತೆಳುವಾದ ಅರಿವಿ ಕಟ್ರಿ. ಗಾಳಿ ಎಡಗಿವಿಗೆ ನೇರ ಬಡಿಯದಂಗ ನಿಂದರ್ರಿ. ಆದ್ರೂ ಪೂರ್ತಿ ಹೋಗೂದಿಲ್ಲ ಮತ್ತ," ಎಂದು ಎಚ್ಚರಿಸಿದರು.

ಕೂಟದ ದಿನ ಗುಡ್ಡದ ಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ಟೀಚರು ನನ್ನ ಗುಂಡಿ ಒತ್ತಿ, ತಲೆಗೆ ತೆಳು ಹತ್ತಿಯ ಬಟ್ಟೆ ಕಟ್ಟಿ, ಗಾಳಿ ಬಲಗಡೆಯಿಂದ ಬರುವಂತೆ ನಿಂತರು. ಅವರ ತಲೆಯೇ ನನಗೆ ಗೋಡೆಯಾಯಿತು. ಇನ್ನೊಂದು ತಾಲ್ಲೂಕಿನಿಂದ ಬಂದಿದ್ದ ಹಿರಿಯ ಅಂಪೈರ್ ಬದಲಿಗೆ ಸಿದ್ಧರಾಗಿ ಕೂತಿದ್ದರು. ಒಂದು ತಪ್ಪಾದರೆ ಟೀಚರ ಸೀಟಿ ಅವರಿಗೆ.

ಕೊನೆಯ ಆಟ, ಸಮ ಸಮ ಅಂಕ. ದ್ಯಾಮವ್ವ ಕೊನೆಯ ದಾಳಿಗೆ ಹೋದಳು. ಇಬ್ಬರನ್ನು ಮುಟ್ಟಿ, ತಿರುಗಿ, ನಡುಗೆರೆಯತ್ತ ಹಾರಿದಳು. ಮೈದಾನ ಕುಣಿಯಿತು. ಟೀಚರು ಸೀಟಿ ಊದಿ ಕೈ ಎತ್ತಿದರು: ದಾಳಿಗಾರ್ತಿ ಔಟ್.

ಸೋತದ್ದು ತಮ್ಮದೇ ಶಾಲೆ. ಹೆಡ್‌ಮಾಸ್ಟರ್ ಓಡಿ ಬಂದರು. "ಗಾಳಿಯಾಗ ನಿಮಗ ಕೇಳ್ಸಿಲ್ರಿ ಮೇಡಂ!"

"ಕೇಳ್ಸೇತ್ರಿ ಸರ." ಟೀಚರು ಹುಡುಗಿಯ ಕಡೆ ತಿರುಗಿದರು. "ತಿರುಗೂ ಮುಂದ ಉಸಿರು ಒಳಗ ಎಳಕೊಂಡಿ. ಹೌದಿಲ್ಲೋ?"

ದ್ಯಾಮವ್ವ ನಾಲಿಗೆ ಕಚ್ಚಿದಳು. "ಯವ್ವಾ! ಅದೂ ಕೇಳ್ತೇನ್ರೀ?"

ಕೇಳಿತ್ತು. ಗುಡುಗು ತಗ್ಗಿದ ಮೇಲೆ ಉಳಿದ ತೆಳುವಾದ ಸದ್ದುಗಳಲ್ಲಿ ಅದೂ ಒಂದು. ಹಿರಿಯ ಅಂಪೈರ್ ಎದ್ದು ಬಂದು ಟೀಚರ ಕೈ ಕುಲುಕಿ, ಊಟಕ್ಕೆ ಹೊರಟುಹೋದರು.

ಈಗ ನನಗೆ ವಯಸ್ಸಾಗಿದೆ. ಟೀಚರ ಕಿವಿಗೆ ಹೊಸದೊಂದು ಬಂದಿದೆ; ಅದು ಗಾಳಿಯನ್ನು ತಾನೇ ಗುರುತಿಸುತ್ತದಂತೆ. ಅದು ರಿಪೇರಿಗೆ ಹೋದಾಗ ನನ್ನನ್ನು ಕರೆಯುತ್ತಾರೆ. ಉಳಿದ ದಿನ ಕಪಾಟಿನ ಡಬ್ಬಿಯಲ್ಲಿ ಬೆಚ್ಚಗಿರುತ್ತೇನೆ. ಗಾಳಿಯನ್ನು ನಾನು ಎಂದೂ ಗೆಲ್ಲಲಿಲ್ಲ. ಅದನ್ನು ಕಡಿಮೆ ಕೇಳಲು ಕಲಿತೆ, ಅಷ್ಟೆ. ನಿನ್ನೆ ಬಾಗಿಲಲ್ಲಿ ಹೆಡ್‌ಮಾಸ್ಟರ ದನಿ: "ಮೇಡಂ, ಈ ವರ್ಷ ಜಿಲ್ಲಾ ಕೂಟಕ್ಕೂ ನೀವ ಅಂಪೈರ್ ಅಂತ್ರಿ. ಒಲ್ಲೆ ಅನಬ್ಯಾಡ್ರಿ ಮತ್ತ."