ಗೋಡೆಯಾಚೆ ಹೋಗದ ತಟ್ಟೆ

ಬಿಳಿಯರೂ ಪಾಕಿಸ್ತಾನಿ ಮೂಲದವರೂ ಅಕ್ಕಪಕ್ಕ ಬಾಳುವ ನಮ್ಮ ಬೀದಿಯಲ್ಲಿ ಡೊರೀನ್ ಮತ್ತು ನುಸ್ರತ್ ಅವರ ಹಿತ್ತಿಲುಗಳ ನಡುವೆ ಎದೆಯೆತ್ತರದ ಒಂದು ಇಟ್ಟಿಗೆ ಗೋಡೆ ಇದೆ. ಮೂವತ್ತು ವರ್ಷದಿಂದ ಆ ಗೋಡೆಯ ಮೇಲೆ ತಟ್ಟೆಗಳು ಓಡಾಡಿವೆ. ಈದ್ ದಿನ ಶಾವಿಗೆ ಈಚೆ ಬರುತ್ತಿತ್ತು, ಭಾನುವಾರ ಸೇಬಿನ ಪೈ ಆಚೆ ಹೋಗುತ್ತಿತ್ತು. ಬರಿ ತಟ್ಟೆಯನ್ನು ಮಾತ್ರ ಇಬ್ಬರೂ ಹಿಂತಿರುಗಿಸುತ್ತಿರಲಿಲ್ಲ. ಬಟ್ಟೆ ಗಿರಣಿ ಮುಚ್ಚಿದಾಗಲೂ, ಡೊರೀನ್‌ಳ ಮಗಳು ತೀರಿಕೊಂಡು ಪುಟ್ಟ ಮೊಮ್ಮಗಳು ಟೀಗನ್ ಅವಳ ಮಡಿಲಿಗೆ ಬಂದಾಗಲೂ ಈ ಪದ್ಧತಿ ತಪ್ಪಿರಲಿಲ್ಲ.

ಕಳೆದ ವಸಂತದಲ್ಲಿ ತಪ್ಪಿತು. ನುಸ್ರತ್‌ಳ ನೀಲಿ ಅಂಚಿನ ತಟ್ಟೆ ಡೊರೀನ್‌ಳ ಸಿಂಕಿನ ಪಕ್ಕದಲ್ಲೇ ಉಳಿಯಿತು. ಇಬ್ಬರೂ ಜಗಳವಾಡಿರಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಟೀಗನ್‌ಗೆ ಆಗ ಹದಿನಾಲ್ಕು. ಕೈಗೆ ಹೊಸ ಫೋನ್ ಬಂದಿತ್ತು. ಕೊಟ್ಟವರು ಯಾರು ಎಂದರೆ "ಫ್ರೆಂಡು" ಎನ್ನುತ್ತಿದ್ದಳು. ಶಾಲೆಗೆ ಚಕ್ಕರ್ ಹೊಡೆಯುತ್ತಿದ್ದಳು. ಬಸ್ ನಿಲ್ದಾಣದ ಹತ್ತಿರ ಬೇರೆ ಬೇರೆ ಕಾರುಗಳಿಂದ ಇಳಿಯುತ್ತಿದ್ದಳು, ಓಡಿಸುತ್ತಿದ್ದವರು ಅವಳಪ್ಪನ ವಯಸ್ಸಿನವರು. ಮನೆಗೆ ಬಂದವಳೇ ಸ್ನಾನದ ಮನೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಡೊರೀನ್ ಒಮ್ಮೆ ಠಾಣೆಗೂ ಹೋಗಿದ್ದಳು. "ಈ ವಯಸ್ಸಿನ ಹುಡುಗೀರು ಹಿಂಗೇ ಕಣಮ್ಮ, ಅವಳೇ ಇಷ್ಟಪಟ್ಟು ಹೋಗ್ತಿದಾಳೆ" ಎಂದು ಅಲ್ಲಿದ್ದವನು ಕಳಿಸಿಬಿಟ್ಟ. ಡೊರೀನ್ ನಂಬಿದಳು. ನಂಬಿದರೆ ಮನಸ್ಸಿಗೆ ಹಗುರವಾಗುತ್ತಿತ್ತು.

ಆ ಹೊತ್ತಿಗೆ ಪಕ್ಕದ ಊರಿನಲ್ಲಿ ಹುಡುಗಿಯರನ್ನು ಪುಸಲಾಯಿಸಿ ಲೈಂಗಿಕವಾಗಿ ಬಳಸಿಕೊಂಡ ಗಂಡಸರ ಗುಂಪೊಂದರ ವಿಚಾರಣೆ ಶುರುವಾಯಿತು. ಆರೋಪಿಗಳಲ್ಲಿ ಹೆಚ್ಚಿನವರು ಪಾಕಿಸ್ತಾನಿ ಮೂಲದವರು. ಟೀವಿಯಲ್ಲಿ ಅದೇ ಚರ್ಚೆ, ಪಬ್ಬಿನಲ್ಲಿ ಅದೇ, ಮಸೀದಿಯ ಮೆಟ್ಟಿಲಲ್ಲೂ ಅದೇ. ನಮ್ಮೂರಿನವರೂ ಲೈಬ್ರರಿಯ ಹಾಲಿನಲ್ಲಿ ಸಭೆ ಕರೆದರು. ಒಂದು ಕಡೆಯವರು "ಆ ಜನಾನೇ ಅಷ್ಟು" ಎಂದರು. ಇನ್ನೊಂದು ಕಡೆಯವರು "ಇದೆಲ್ಲ ನಮ್ಮ ಮೇಲಿನ ಅಪಪ್ರಚಾರ" ಎಂದರು. ಹಿಂದಿನ ಸಾಲಿನಲ್ಲಿ ಟೀಗನ್ ಕೂತಿದ್ದಳು. ತರಗತಿಯಲ್ಲಿ ಎತ್ತುವ ಹಾಗೆ ಒಂದು ಕೈ ಎತ್ತಿದಳು. ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತು ನೋಡಿ, ಜಾಕೆಟ್ಟಿನ ಜಿಪ್ ಎಳೆದುಕೊಂಡು ಎದ್ದು ಹೋದಳು.

ಅದನ್ನು ಕಂಡವಳು ಮಾರ್ವಾ ಒಬ್ಬಳೇ. ಅವಳು ಊರಿನ ಮಕ್ಕಳ ರಕ್ಷಣಾ ಕೇಂದ್ರದಲ್ಲಿ ಕೆಲಸ ಮಾಡುವವಳು. ಮರುದಿನ ಮಧ್ಯಾಹ್ನ ಡೊರೀನ್‌ಳ ಅಡುಗೆಮನೆಗೆ ಬಂದಳು.

"ನಿನ್ನೆ ಟೀಗನ್ ಏನೋ ಹೇಳೋಕೆ ಕೈ ಎತ್ತಿದ್ಲು. ನೋಡಿದ್ರಾ?"

"ಆ ಗಲಾಟೇಲಿ ಏನ್ ನೋಡೋದು? ಅವಳಿಗೊಬ್ಬ ಬಾಯ್‌ಫ್ರೆಂಡ್ ಇದಾನೆ, ಅಷ್ಟೇ. ನಾನೂ ಹದಿನಾರಕ್ಕೇ ಮದ್ವೆ ಆದೋಳು. ಅವಳೇ ಹೋಗ್ತಾಳೆ, ಯಾರೂ ಎಳ್ಕೊಂಡ್ ಹೋಗ್ತಿಲ್ಲ."

"ಎಳ್ಕೊಂಡ್ ಹೋಗಲ್ಲ ಡೊರೀನ್, ಪುಸಲಾಯಿಸ್ತಾರೆ. ಮೊದ್ಲು ಫೋನು, ಆಮೇಲೆ ಕುಡಿಯೋಕೆ, ಆಮೇಲೆ 'ನನ್ ಸ್ನೇಹಿತರ ಜೊತೇಲೂ ಚೆನ್ನಾಗಿರು'. ಒಲ್ಲೆ ಅಂದ್ರೆ 'ನಿಮ್ಮಜ್ಜಿ ಮನೆ ಎಲ್ಲಿದೆ ಗೊತ್ತು'. ಹದಿನಾಲ್ಕರ ಮಗು ಒಪ್ಕೊಂಡ್ಳು ಅನ್ನೋ ಮಾತೇ ಇಲ್ಲ. ಕಾನೂನೂ ಹಂಗನ್ನಲ್ಲ."

ಡೊರೀನ್ ಚಹಾದ ಲೋಟ ಕೆಳಗಿಟ್ಟಳು. ಗೋಡೆಯ ಕಡೆ ನೋಡಿ ದನಿ ತಗ್ಗಿಸಿದಳು. "ಕಾರಿನವರು ಪಾಕಿಸ್ತಾನಿಗಳು. ನಾನೇ ನೋಡಿದೀನಿ. ಆದ್ರೆ ಬಾಯಿ ಬಿಟ್ರೆ ನುಸ್ರತ್‌ಗೆ ಏನನ್ಸುತ್ತೆ? ನನ್ನ ಮಗಳು ಸಾಯೋವಾಗ ಆಸ್ಪತ್ರೇಲಿ ಪಕ್ಕದಲ್ಲಿ ಕೂತಿದ್ದೋಳು ಅವಳು. ನಾಳೆ ಯಾರಾದ್ರೂ ಅವಳ ಕಿಟಕಿಗೆ ಕಲ್ಲು ಹೊಡೆದ್ರೆ?"

"ಕಂಡಿದ್ದು ಕಂಡಂಗೆ ಹೇಳಿ. ಯಾವ ಮೂಲದವರು ಅನ್ನೋದನ್ನೂ ಮುಚ್ಚಬೇಡಿ. ಮುಚ್ಚಿಟ್ರೆ ಅವರಿಗೇ ಅನುಕೂಲ. ಹಂಗಂತ ಇಡೀ ಜನಾಂಗದ ಮೇಲೆ ಹಾಕಿದ್ರೂ ಅವರಿಗೇ ಅನುಕೂಲ, ಆ ಗದ್ದಲದಲ್ಲಿ ತಪ್ಪಿಸ್ಕೋತಾರೆ. ಈ ಕೆಲಸದಲ್ಲಿ ನಾನು ಎಲ್ಲ ಬಣ್ಣದ ಗಂಡಸರನ್ನೂ ನೋಡಿದೀನಿ. ಈಗ ಬೇಕಾಗಿರೋದು ಈ ಕಾರಿನವರ ಹೆಸರು."

ಡೊರೀನ್ ನೀಲಿ ಅಂಚಿನ ತಟ್ಟೆಯನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದಳು.

"ನುಸ್ರತ್, ಒಂದ್ನಿಮಿಷ ಬಾರೇ."

ನುಸ್ರತ್ ಬಂದು ಬರಿ ತಟ್ಟೆ ನೋಡಿದಳು. ಅವಳ ಮುಖ ಸಪ್ಪಗಾಯಿತು. "ಅಷ್ಟೊಂದು ಬೇಜಾರಾ ನನ್ನ ಮೇಲೆ?"

"ಬೇಜಾರಲ್ಲ ಮಾರಾಯ್ತಿ. ಏನೂ ಮಾಡೋಕೆ ಕೈಯೇ ಬರ್ಲಿಲ್ಲ." ಡೊರೀನ್ ಕಾರುಗಳ ವಿಷಯವನ್ನೆಲ್ಲ ಹೇಳಿದಳು.

ನುಸ್ರತ್ ತಟ್ಟೆ ತೆಗೆದುಕೊಂಡು ಗೋಡೆಯ ಮೇಲಿಟ್ಟಳು. "ಬಿಳಿ ಕಾರಿನವನು ಸಾಜಿದ್," ಎಂದಳು. "ನಮ್ಮೆಜಮಾನ್ರ ಚಿಕ್ಕಪ್ಪನ ಮಗ. ಚಳಿಗಾಲದಿಂದ ನೋಡ್ತಿದೀನಿ."

"ಚಳಿಗಾಲದಿಂದ?"

"ಹೇಳಿದ್ರೆ ನಮ್ಮೋರು ಮನೆತನದ ಮಾನ ಕಳೆದೆ ಅಂತಾರೆ. ನಿಮ್ಮೋರು 'ನೋಡಿ, ಇವರೆಲ್ಲ ಹಿಂಗೇ' ಅಂತಾರೆ. ನೀನೂ ಹಂಗೇ ಅಂದ್ಬಿಟ್ರೆ ಅಂತ ಹೆದರ್ಕೊಂಡೆ ಕಣೇ."

ಹಿಂದಿನ ಬಾಗಿಲಲ್ಲಿ ಟೀಗನ್ ನಿಂತಿದ್ದಳು. ಯಾವಾಗ ಬಂದಳೋ ಇಬ್ಬರಿಗೂ ಗೊತ್ತಾಗಿರಲಿಲ್ಲ.

"ಇಬ್ರಿಗೂ ಗೊತ್ತಿತ್ತಾ?"

ಡೊರೀನ್ ಅವಳತ್ತ ಕೈ ಚಾಚಿದಳು, ಟೀಗನ್ ಬಾಗಿಲಲ್ಲೇ ನಿಂತು ಹೇಳಿದಳು:

"ಯಾರಿಗೂ ಗೊತ್ತಿಲ್ಲ, ಅದಕ್ಕೇ ಯಾರೂ ಬರ್ತಿಲ್ಲ ಅನ್ಕೊಂಡಿದ್ದೆ."

ಸಂಜೆಯೇ ಮಾರ್ವಾ ಮೂವರನ್ನೂ ದೊಡ್ಡ ಠಾಣೆಗೆ ಕರೆದುಕೊಂಡು ಹೋದಳು. ಟೀಗನ್ ಹೇಳಿದ್ದನ್ನು ಈ ಸಲ ತಾಳ್ಮೆಯಿಂದ ಕೇಳಿಸಿಕೊಂಡರು. ಸಾಜಿದನ ಹೆಸರನ್ನು ನುಸ್ರತ್ ತಾನೇ ಹೇಳಿದಳು. ಅವನೂ ಅವನ ಜೊತೆಗಾರರೂ ಈಗ ಜೈಲಿನಲ್ಲಿದ್ದಾರೆ. ನುಸ್ರತ್‌ಳ ಗಂಡ ಬಹಳ ದಿನ ಅವಳೊಡನೆ ಮಾತಾಡಲಿಲ್ಲ. ಅವಳ ಕಿಟಕಿಯ ಗಾಜೂ ಒಡೆಯಿತು. ಒಡೆದವರು ಯಾವ ಕಡೆಯವರೆಂದು ಇವತ್ತಿಗೂ ಗೊತ್ತಿಲ್ಲ. ಹೊಸ ಗಾಜು ಕೂರಿಸುವಾಗ ಏಣಿ ಹಿಡಿದುಕೊಂಡಿದ್ದವಳು ಡೊರೀನ್.

ತಟ್ಟೆಗಳು ಮತ್ತೆ ಗೋಡೆ ದಾಟುತ್ತಿವೆ. ಟೀಗನ್ ಶಾಲೆಗೂ ಹೋಗುತ್ತಿದ್ದಾಳೆ. ಆದರೆ ಕಾರೊಂದು ಮನೆಮುಂದೆ ನಿಧಾನವಾದರೆ ಈಗಲೂ ಕಿಟಕಿಯಿಂದ ಹಿಂದೆ ಸರಿಯುತ್ತಾಳೆ. ಆ ಒಂದು ಚಳಿಗಾಲವನ್ನು ಅವಳಿಗೆ ವಾಪಸ್ ಕೊಡಲು ನಮ್ಮ ಬೀದಿಯ ಯಾರಿಂದಲೂ ಆಗುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಮಗುವಿನ ಕೈಗೆ ಯಾರೋ ದೊಡ್ಡವರು ಕೊಟ್ಟ ಉಡುಗೊರೆ ಬಂದರೆ, ಮಗು ಹೊತ್ತಲ್ಲದ ಹೊತ್ತಿನಲ್ಲಿ ಬೇರೆ ಬೇರೆ ವಾಹನಗಳಿಂದ ಇಳಿದರೆ, ಮೊದಲು ಅದನ್ನು ಪಕ್ಕ ಕೂರಿಸಿಕೊಂಡು ಕೇಳಿ. ಬೈಯಬೇಡಿ. "ನಿನ್ನ ತಪ್ಪಲ್ಲ" ಎಂದು ಹೇಳಿ. ಮಕ್ಕಳ ಸಹಾಯವಾಣಿಗೆ, ಪೊಲೀಸರಿಗೆ ತಿಳಿಸಿ. ಒಬ್ಬರು ಕೇಳದಿದ್ದರೆ ಇನ್ನೊಬ್ಬರ ಬಾಗಿಲು ತಟ್ಟಿ. ಮಾಡಿದವನು ನಮ್ಮವನೆಂದು ಮುಚ್ಚಬೇಡಿ, ಅವರವನೆಂದು ಅವರೆಲ್ಲರನ್ನೂ ದೂರಬೇಡಿ. ಇವತ್ತು ನೀವು ಸುಮ್ಮನಿದ್ದರೆ ನಾಳೆ ಆ ಮಗು ನಿಮ್ಮ ಬಾಗಿಲಲ್ಲಿ ನಿಂತು, ನಿಮಗೂ ಗೊತ್ತಿತ್ತಾ ಎಂದು ಕೇಳುತ್ತದೆ.